ಪ್ರತಿ: ಸಂಬಂಧಪಟ್ಟವರೆಲ್ಲರಿಗೂ

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಹೆಡ್ ಗುಮಾಸ್ತರಿಗೆ ತಂದೆ ತಾಯಿ ಇಟ್ಟ ಹೆಸರೊಂದಿತ್ತು. ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮೇಲಧಿಕಾರಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವರು ಷರಾ ಸಾಹೇಬರು. ಯಾವ ಕಾಗದ ಕೈಗೆ ಬಂದರೂ ಅದರ ಅಂಚಿನಲ್ಲಿ ಒಂದು ಷರಾ ಬರೆಯದೆ ಅವರು ಮುಂದಕ್ಕೆ ಬಿಟ್ಟವರಲ್ಲ. ಅವರು ಕರಡು ಮಾಡಿದ ಆದೇಶದಲ್ಲಿ ಸೂಜಿ ತೂರುವಷ್ಟು ಸಂದಿಯೂ ಇರುವುದಿಲ್ಲ ಎಂದು ಇಡೀ ಇಲಾಖೆ ಹೇಳುತ್ತಿತ್ತು. ಓದಿದವರಿಗೆ ಅದು ಅರ್ಥವಾಗುತ್ತಿತ್ತೇ ಎಂಬುದು ಬೇರೆ ವಿಷಯ. ಅರ್ಥವಾಗಲಿ ಎಂದು ಅವರು ಬರೆಯುತ್ತಲೂ ಇರಲಿಲ್ಲ.

ಇಂಥ ಷರಾ ಸಾಹೇಬರಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ಒಂದೇ ಒಂದು ಆಸೆ ಹುಟ್ಟಿತು. ಮೂರು ದಿನ ಒಬ್ಬರೇ ಎಲ್ಲಿಗಾದರೂ ಹೋಗಿ ಮಲಗಬೇಕು. ನೋಡುವುದು ಏನೂ ಬೇಡ, ತಿನ್ನುವುದು ಏನೂ ಬೇಡ. ಬರೀ ಮಲಗಬೇಕು.

ಅವರನ್ನು ದೂರುವ ಹಾಗಿಲ್ಲ. ಹಗಲೆಲ್ಲ ಕಚೇರಿಯ ಕಿಟಕಿಯಾಚೆ ಜನ ನಿಂತು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಕೂಗುತ್ತಿದ್ದರು. ನೀರು ಬಂದ ದಿನ, ಬಂದದ್ದು ನೀರಲ್ಲ ಎಂದು ಕೂಗುತ್ತಿದ್ದರು. ಸಂಜೆ ಮನೆಗೆ ಬಂದರೆ ಅತ್ತೆಯವರ ಟೀವಿ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಧಾರಾವಾಹಿಯವರಿಗೆ ತಾವು ನೋಡುತ್ತಿರುವುದು ಗೊತ್ತಾಗಲಿ ಎಂಬಂತೆ ಸದ್ದು ಏರಿಸುತ್ತಿದ್ದರು. ಮೇಲಿನ ಮಹಡಿಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರು. ಅವರು ಮಂಚ, ಮೇಜು, ಬೀರುಗಳನ್ನು ದಿನಕ್ಕೊಂದು ದಿಕ್ಕಿಗೆ ಎಳೆಯುತ್ತಿದ್ದರು. ಇಷ್ಟು ಸಾಲದೆಂದು ಹೆಂಡತಿಯ ತಮ್ಮ ಎಂಟು ತಿಂಗಳಿಂದ ಮನೆಯಲ್ಲೇ ಬೀಡುಬಿಟ್ಟಿದ್ದ. ಜನರಿಗೆ ಹುರುಪು ತುಂಬುವ ಭಾಷಣಕಾರನಾಗುವುದು ಅವನ ಗುರಿ. ಬೆಳಗ್ಗೆ ಆರಕ್ಕೆ ಹಜಾರದ ಕನ್ನಡಿಯ ಮುಂದೆ ನಿಂತು, "ಏಳಿ! ಇನ್ನೂ ಮಲಗಿದ್ದೀರಾ? ಪ್ರಪಂಚ ನಿಮಗೋಸ್ಕರ ಕಾಯ್ತಿದೆ!" ಎಂದು ಅಬ್ಬರಿಸುತ್ತಿದ್ದ. ಪ್ರಪಂಚ ಇನ್ನೂ ಒಂದು ಗಂಟೆ ಕಾದರೆ ಗಂಟೇನು ಹೋಗುತ್ತಿತ್ತೋ, ಷರಾ ಸಾಹೇಬರಿಗೆ ತಿಳಿಯದು.

ಹೆಂಡತಿ ಮಾತ್ರ ಸದ್ದು ಮಾಡುವವಳಲ್ಲ. ಅವಳು ಮನೆಯ ಇವರೆಲ್ಲರಿಗೂ ಕಾಫಿ ಕೊಡುತ್ತ, ಬಟ್ಟೆ ಮಡಚುತ್ತ, ಕೇಳಿದ್ದಕ್ಕೆ ಉತ್ತರ ಹೇಳುತ್ತ ಓಡಾಡಿಕೊಂಡಿದ್ದಳು. ಆದ್ದರಿಂದ ಷರಾ ಸಾಹೇಬರು ಅವಳನ್ನು ಅಷ್ಟಾಗಿ ಗಮನಿಸಿರಲಿಲ್ಲ.

ಆಸೆಯೇನೋ ಹುಟ್ಟಿತು, ಹೇಳುವುದು ಹೇಗೆ? "ನಿಮ್ಮೆಲ್ಲರಿಂದ ಮೂರು ದಿನ ದೂರ ಇರಬೇಕು" ಎಂದು ಬಾಯಿಬಿಟ್ಟು ಹೇಳುವ ಎದೆಗಾರಿಕೆ ಅವರಿಗಿರಲಿಲ್ಲ. ಹೆಂಡತಿಗೆ, ಶುಕ್ರವಾರದಿಂದ ಮೂರು ದಿನ ಹೊರ ಊರಿನಲ್ಲಿ ಇಲಾಖೆಯ ತರಬೇತಿ ಎಂದರು. ಕಚೇರಿಯಲ್ಲಿ ಮೇಲಧಿಕಾರಿ ಮೇಡಮ್ಮಿಗೆ, ಸೊಂಟ ಹಿಡಿದುಕೊಂಡಿದೆ, ರಜೆ ಬೇಕು ಎಂದು ಬರೆದುಕೊಟ್ಟರು. ಎರಡು ಸುಳ್ಳು ಒಂದಕ್ಕೊಂದು ಎದುರಾಗದ ಹಾಗೆ ನೋಡಿಕೊಂಡರೆ ಆಯಿತಲ್ಲ.

ಉಳಿದದ್ದು ಟಿಕೆಟ್ಟು. ಸೋಮವಾರ ಮಧ್ಯಾಹ್ನ ಪಕ್ಕದ ಮೇಜಿನ ಟೈಪಿಸ್ಟ್ ದಾರಿ ತೋರಿಸಿದಳು.

"ಈಗ ಯಾರು ಸಾರ್ ಟಿಕೆಟ್‌ಗೆ ತಲೆ ಕೆಡಿಸ್ಕೋತಾರೆ? ನಿಮ್ಮ ಫೋನಲ್ಲಿ ಎಐ ಸಹಾಯಕ ಇದಾನೆ. ಗುರುತಿನ ಚೀಟಿನೂ ಫೋನಲ್ಲೇ ಇದೆ. ಅದನ್ನ ತೋರಿಸಿ ನನ್ನ ಪರವಾಗಿ ಟಿಕೆಟ್ ಮಾಡು ಅಂತ ಅವನಿಗೆ ಅಧಿಕಾರ ಕೊಡಿ, ಹೆಬ್ಬೆರಳು ಒತ್ತಿ. ರೈಲು, ರೂಮು ಎಲ್ಲಾ ಅವನೇ ನೋಡ್ಕೋತಾನೆ."

ಅಧಿಕಾರ ಕೊಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಷರಾ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಫೋನಿನಲ್ಲಿ ಸಹಾಯಕ ವಿನಯದಿಂದ ಬರೆದಿದ್ದ: "ನಾನು ಏನು ಮಾಡಬೇಕು, ಒಂದು ವಾಕ್ಯದಲ್ಲಿ ತಿಳಿಸಿ. ಉದಾಹರಣೆಗೆ: ಶುಕ್ರವಾರ ಕಡಲ ತೀರಕ್ಕೆ ಒಂದು ಟಿಕೆಟ್, ಮೂರು ದಿನಕ್ಕೆ ಒಂದು ಕೋಣೆ."

ಒಂದು ವಾಕ್ಯವಂತೆ! ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಅವರು ಒಂದು ವಾಕ್ಯದಲ್ಲಿ ಗುಂಡುಸೂಜಿಯನ್ನೂ ಕೇಳಿದವರಲ್ಲ. ಅಧಿಕಾರ ಪತ್ರವೆಂದರೆ ಅದಕ್ಕೊಂದು ಕ್ರಮವಿದೆ. ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹನ್ನೊಂದು ಕಲಮಿನ ಕರಡು ಬರೆದರು. ಮೊದಲನೆಯದರಲ್ಲಿ ಕಡಲ ತೀರದ ಪ್ರವಾಸ. ನಡುವೆ ಹೊರಡುವ ಸಮಯ, ಕಿಟಕಿ ಪಕ್ಕದ ಸೀಟು, ದಿಂಬು ಎರಡು. ಒಂಬತ್ತನೆಯದರಲ್ಲಿ ಉದ್ದೇಶ: "ಮನೆಯವರು, ಬಂಧುಗಳು, ನೆರೆಹೊರೆಯವರು, ಮೇಲಧಿಕಾರಿಗಳು ಇವರಲ್ಲಿ ಯಾವೊಬ್ಬರ ಧ್ವನಿಯೂ ಕಿವಿಗೆ ಬೀಳದಂಥ ಸ್ಥಳದಲ್ಲಿ ಮೂರು ದಿನ ನಿದ್ರಿಸುವುದು." ತಮ್ಮ ಮೆದು ಸ್ವಭಾವ ಅವರಿಗೇ ಗೊತ್ತಿತ್ತು. ಅತ್ತೆಯವರು ಒಮ್ಮೆ ಹುಬ್ಬು ಗಂಟಿಕ್ಕಿದರೆ ತಾವೇ ಟಿಕೆಟ್ ರದ್ದು ಮಾಡಿಯಾರು. ಅದಕ್ಕೇ ಹನ್ನೊಂದನೆಯ ಕಲಮು: "ಪ್ರವಾಸ ಮುಗಿಯುವವರೆಗೆ ಈ ಅಧಿಕಾರವನ್ನು ಮಾತಿನಿಂದಾಗಲಿ, ಬರಹದಿಂದಾಗಲಿ, ಕೈಸನ್ನೆಯಿಂದಾಗಲಿ, ಕಣ್ಣೀರಿನಿಂದಾಗಲಿ ಹಿಂಪಡೆಯತಕ್ಕದ್ದಲ್ಲ."

ಕೊನೆಗೆ, ಇಪ್ಪತ್ತೇಳು ವರ್ಷದಿಂದ ಪ್ರತಿ ಕಾಗದದ ಬುಡದಲ್ಲಿ ಬರೆಯುವ ಸಾಲನ್ನು ಕೈ ತಾನಾಗಿಯೇ ಬರೆಯಿತು: "ಪ್ರತಿಯನ್ನು ಸಂಬಂಧಪಟ್ಟವರೆಲ್ಲರಿಗೂ ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ ಕಳುಹಿಸಿದೆ."

ಕಚೇರಿಯಲ್ಲಿ ಆ ಸಾಲಿಗೆ ಯಾವ ಅರ್ಥವೂ ಇರಲಿಲ್ಲ. ಯಾರೂ ಪ್ರತಿ ಕಳುಹಿಸುತ್ತಿರಲಿಲ್ಲ, ಬಂದರೆ ಯಾರೂ ಓದುತ್ತಿರಲಿಲ್ಲ, ಅಗತ್ಯ ಕ್ರಮವೆಂಬುದನ್ನು ಇಲಾಖೆ ಹುಟ್ಟಿದಾಗಿನಿಂದ ಯಾರೂ ಕೈಗೊಂಡಿರಲಿಲ್ಲ. ಆದರೆ ಸಹಾಯಕ ಇಲಾಖೆಗೆ ಹೊಸಬ.

"ಸಂಬಂಧಪಟ್ಟವರು ಎಂದರೆ ನಿಮ್ಮ ಫೋನಿನಲ್ಲಿ ನಂಬರ್ ಇರುವವರೇ?" ಎಂದು ಕೇಳಿದ.

"ನಿಯಮಾನುಸಾರ ಕ್ರಮ ವಹಿಸುವುದು" ಎಂದು ಬರೆದರು ಷರಾ ಸಾಹೇಬರು.

"ಅವರಲ್ಲಿ ಒಪ್ಪಿದವರಿಗೂ ಟಿಕೆಟ್ ಮಾಡಬೇಕೇ? ಅವರವರ ಟಿಕೆಟ್ಟಿಗೆ ಅವರವರ ಒಪ್ಪಿಗೆ, ಅವರವರ ಖಾತೆ ಸಾಕು."

ಷರಾ ಸಾಹೇಬರಿಗೆ ಆಗಲೇ ಕಣ್ಣು ಎಳೆಯುತ್ತಿತ್ತು. ಕೆಳಗಿನವರು ಹೀಗೆ ಅಡ್ಡ ಪ್ರಶ್ನೆ ಕೇಳಿದಾಗಲೆಲ್ಲ ಬರೆಯುವ ಷರಾವನ್ನೇ ಬರೆದರು: "ಈಗಾಗಲೇ ತಿಳಿಸಿದಂತೆ." ಹೆಬ್ಬೆರಳು ಒತ್ತಿದರು. ಫೋನನ್ನು ಮೇಜಿನ ಖಾನೆಗೆ ಹಾಕಿ, ಕಡತದ ಮೇಲೆ ತಲೆಯಿಟ್ಟು ಹತ್ತು ನಿಮಿಷ ಕಣ್ಣು ಮುಚ್ಚಿದರು.

ಸಂಜೆ ಮನೆಯ ಬಾಗಿಲು ತೆರೆದಾಗ ಟೀವಿ ಆಫ್ ಆಗಿತ್ತು. ಯಾರಿಗೋ ಏನೋ ಆಗಿದೆ ಎಂದುಕೊಂಡು ಅವಸರದಿಂದ ಒಳಗೆ ಬಂದರು. ಅತ್ತೆಯವರು ಹಜಾರದ ನಟ್ಟನಡುವೆ ಪೆಟ್ಟಿಗೆ ತೆರೆದಿಟ್ಟುಕೊಂಡು ಶಾಲು ಮಡಚುತ್ತಿದ್ದರು.

"ಬನ್ನಿ ಅಳಿಯಂದಿರೇ, ಬನ್ನಿ! ನಾನೇ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಬಾಯಿಬಿಟ್ಟು ಒಂದು ಮಾತು ಆಡಲ್ಲ, ಮನಸ್ಸಲ್ಲಿ ಎಷ್ಟು ಪ್ರೀತಿ ಇಟ್ಕೊಂಡಿದೀರಿ! ಸಮುದ್ರ ನೋಡಿ ಇಪ್ಪತ್ತು ವರ್ಷ ಆಯ್ತು ನಾನು."

"ಸಮುದ್ರ?" ಎಂದರು ಷರಾ ಸಾಹೇಬರು.

"ಎಲ್ಲಾ ಗೊತ್ತಾಯ್ತು ಭಾವ!" ಒಳಗಿನಿಂದ ಭಾವಮೈದುನ ಓಡಿಬಂದು ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದ. "ಸಂಬಂಧಪಟ್ಟವರೆಲ್ಲರಿಗೂ! ಏನು ಮಾತು ಬರೆದ್ರಿ! ನಂಗೆ ರೋಮಾಂಚನ ಆಯ್ತು. ದಿನಾ ಬೆಳಗ್ಗೆ ಸಮುದ್ರದ ದಡದಲ್ಲಿ ಎಲ್ಲರಿಗೂ ಒಂದೊಂದು ಗಂಟೆ ಭಾಷಣ. ಉಚಿತ! ನಿಮಗೆ ಮುಂದಿನ ಸಾಲು."

"ಪೂರ್ತಿ ಓದಿದ್ಯೇನಪ್ಪಾ ಅದನ್ನ?"

"ಅಷ್ಟುದ್ದ ಯಾರು ಓದ್ತಾರೆ ಭಾವ? ಮೇಲೆ ಪ್ರವಾಸ ಅಂತ ಇತ್ತು, ಕೆಳಗೆ ಒಪ್ಪಿಗೆ ಅಂತ ಇತ್ತು. ಒತ್ತಿದೆ."

ಅಷ್ಟರಲ್ಲಿ ಮಹಡಿ ಮೆಟ್ಟಿಲಿನಿಂದ ಮೇಷ್ಟ್ರು ಇಳಿದರು. ಕಂಕುಳಲ್ಲಿ ಸುತ್ತಿದ ಭೂಪಟ. "ನೆರೆಮನೆಯವನು ಅಂತ ನನ್ನನ್ನ ಬಿಡಲಿಲ್ಲ ನೀವು, ಅದು ದೊಡ್ಡತನ. ಅಲೆ ಯಾಕೆ ಬರುತ್ತೆ, ಉಬ್ಬರ ಇಳಿತ ಹೇಗೆ, ಎಲ್ಲಾ ನಾನು ವಿವರಿಸ್ತೀನಿ. ನೀವು ಒಂದು ನಿಮಿಷನೂ ಬೇಜಾರಾಗಿ ಮಲಗೋ ಹಾಗಿಲ್ಲ!"

ಷರಾ ಸಾಹೇಬರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಕಡೆ ನೋಡಿದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಫೋನು. ಅವಳು ಮಾತ್ರ ಬೆರಳಿನಿಂದ ನಿಧಾನವಾಗಿ ಸಾಲು ಸರಿಸುತ್ತ ಓದುತ್ತಿದ್ದಳು. ಗಂಡ ಬರೆದದ್ದನ್ನು ಕೊನೆಯವರೆಗೆ ಓದುವ ಪ್ರಾಣಿ ಈ ಭೂಮಿಯ ಮೇಲೆ ಒಂದೇ ಇತ್ತು, ಅದು ಒಂಬತ್ತನೆಯ ಕಲಮಿಗೆ ಬಂದು ನಿಂತಿದೆ ಎಂದು ಅವರಿಗೆ ಅವಳ ಮುಖ ನೋಡಿಯೇ ತಿಳಿಯಿತು.

"ತರಬೇತಿ ಯಾವತ್ತಿಂದ ಅಂದ್ರಿ?" ಎಂದಳು.

"ಅದು... ಮುಂದಕ್ಕೆ ಹೋಯ್ತು."

"ಓಹೋ" ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಬದುಕಿಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಎಲ್ಲರಿಗೂ ಕಾಫಿ ತಂದುಕೊಟ್ಟಳು. ಅವಳೂ ಒಪ್ಪಿಗೆ ಒತ್ತಿದ್ದಾಳೆ ಎಂದು ಅತ್ತೆಯವರೇ ಹೇಳಿದರು.

ಮಂಗಳವಾರ ಕಚೇರಿಗೆ ಕಾಲಿಟ್ಟ ತಕ್ಷಣ ಮೇಡಂ ಕರೆಸಿದರು. ಅವರ ಮೇಜಿನ ಮೇಲೆ ಒಂದು ಕಡೆ ಸೊಂಟನೋವಿನ ಅರ್ಜಿ, ಇನ್ನೊಂದು ಕಡೆ ಫೋನಿನಲ್ಲಿ ಕಡಲ ತೀರದ ಪ್ರತಿ. ಸುಳ್ಳೂ ನಿಜವೂ ಕೊನೆಗೆ ಎದುರುಬದುರು ಕೂತಿದ್ದವು. ಷರಾ ಸಾಹೇಬರು ಕೈಕಟ್ಟಿ ನಿಂತರು. ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ಹಗಲೂ ಇರಬೇಕಾಗುತ್ತದಲ್ಲ ಎಂಬುದೊಂದೇ ಅವರ ಚಿಂತೆ.

"ರೀ ಷರಾ, ನಿಮಗೆ ಮೊದಲೇ ಹೇಳೋಕೆ ಏನಾಗಿತ್ತು?" ಎಂದರು ಮೇಡಂ. "ಸೊಂಟನೋವಿಗೆ ಸಮುದ್ರದ ಮರಳು ಒಳ್ಳೇದು ಅಂತ ನಂಗೂ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಜೊತೆ ಇರ್ಲಿಲ್ಲ. ಒಪ್ಪಿಗೆ ಒತ್ತಿದೀನಿ. ಬಾಕಿ ಇರೋ ದೂರಿನ ಕಡತಗಳನ್ನೂ ತರ್ತೀನಿ, ಮರಳಲ್ಲೇ ಕೂತು ಮುಗಿಸಿಬಿಡೋಣ."

ಮಧ್ಯಾಹ್ನದ ಹೊತ್ತಿಗೆ ಅವರದ್ದೂ ಸೇರಿ ಟಿಕೆಟ್ಟಿನ ಲೆಕ್ಕ ಹದಿನೇಳಕ್ಕೆ ಏರಿತ್ತು. ಆರು ತಿಂಗಳಿಂದ ಅವರು ತಪ್ಪಿಸಿಕೊಂಡು ತಿರುಗುತ್ತಿದ್ದ ಹಲ್ಲಿನ ಡಾಕ್ಟ್ರೂ ಒಪ್ಪಿದ್ದರು. "ಉಪಕರಣ ತರ್ತೀನಿ, ಅಲ್ಲಿ ಎಲ್ಲಿಗೆ ಓಡಿ ಹೋಗ್ತೀರಿ ನೋಡೋಣ" ಎಂದು ಸಂದೇಶ ಬೇರೆ. ಷರಾ ಸಾಹೇಬರು ಟೈಪಿಸ್ಟಳ ಕೈಗೆ ಫೋನು ಕೊಟ್ಟು, ಇದನ್ನು ಹೇಗಾದರೂ ನಿಲ್ಲಿಸಮ್ಮ ಎಂದರು. ಅವಳು ರದ್ದು ಮಾಡು ಎಂದು ಬರೆದಳು. ಸಹಾಯಕ ಅಷ್ಟೇ ವಿನಯದಿಂದ ಉತ್ತರ ಕೊಟ್ಟ: "ಕ್ಷಮಿಸಿ. ಹನ್ನೊಂದನೆಯ ಕಲಮಿನ ಪ್ರಕಾರ ಬರಹದಿಂದ ಹಿಂಪಡೆಯುವಂತಿಲ್ಲ." ಷರಾ ಸಾಹೇಬರು ಫೋನಿಗೆ ಕೈಮುಗಿದರು. ಅದೂ ಕೈಸನ್ನೆಯಲ್ಲಿ ಸೇರಿಹೋಗಿತ್ತು.

"ಕಣ್ಣೀರು ಅಂತಾನೂ ಯಾಕೆ ಸಾರ್ ಬರೆದ್ರಿ?" ಎಂದಳು ಟೈಪಿಸ್ಟ್, ಕನಿಕರದಿಂದ.

ಬುಧವಾರ ಬೆಳಗ್ಗೆ ಗುರುತಿನ ಚೀಟಿ ಪರಿಶೀಲನೆಯ ಕಚೇರಿಯಿಂದ ಕರೆ ಬಂತು. ಹಸಿರು ಬಣ್ಣ ಅರ್ಧಕ್ಕೆ ನಿಂತ ಗೋಡೆ, ಒಂದು ಕಾಲಿಗೆ ಕಾಗದ ಮಡಚಿಟ್ಟ ಬೆಂಚು. ಎರಡು ಗಂಟೆ ಕೂತ ಮೇಲೆ ಒಳಗೆ ಬಿಟ್ಟರು. ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದ ಒಬ್ಬ ಸಣಕಲು ಅಧಿಕಾರಿ ತಲೆಯೆತ್ತದೆ ಕೇಳಿದರು:

"ದಲ್ಲಾಳಿ ಕೆಲಸ ಎಷ್ಟು ದಿನದಿಂದ?"

"ಯಾರು ಸ್ವಾಮಿ, ನಾನಾ?"

"ಒಬ್ಬರ ಅಧಿಕಾರ ಪತ್ರದ ಮೇಲೆ ಒಂದೇ ದಿನಕ್ಕೆ, ಒಂದೇ ರೈಲಿಗೆ ಹದಿನೇಳು ಟಿಕೆಟ್. ದಲ್ಲಾಳಿ ಅಲ್ದೆ ಇನ್ನೇನು? ಮಲಗೋಕೆ ಅಂತ ಯಾರಾದ್ರೂ ಹದಿನಾರು ಜನರನ್ನ ಕರ್ಕೊಂಡು ಹೋಗ್ತಾರೇನ್ರೀ?"

ಷರಾ ಸಾಹೇಬರು ನಡೆದದ್ದನ್ನೆಲ್ಲ ಹೇಳಿಕೊಂಡರು. ಅಧಿಕಾರಿ ನಂಬದೆ ಅಧಿಕಾರ ಪತ್ರವನ್ನು ಮುದ್ರಿಸಿ ತರಿಸಿ ಓದತೊಡಗಿದರು. ಮೂರನೆಯ ಕಲಮಿಗೆ ಬಾಯಿಂದ ಮುಚ್ಚಳ ತೆಗೆದರು. ಆರನೆಯದಕ್ಕೆ ಕನ್ನಡಕ ಒರೆಸಿದರು. ಹನ್ನೊಂದನೆಯದು ಮುಗಿದಾಗ ಎದ್ದು ನಿಂತು, ಪಕ್ಕದ ಕೋಣೆಯ ಇಬ್ಬರು ಗುಮಾಸ್ತರನ್ನು ಕೂಗಿ ಕರೆದರು.

"ಬನ್ರಯ್ಯಾ, ಬಂದು ನೋಡಿ. ಕರಡು ಅಂದ್ರೆ ಇದು! ನೀವೂ ಬರೀತೀರಿ. ಕೈಸನ್ನೆಯಿಂದಾಗಲಿ ಅಂತೆ! ಕೇಳಿದೀರಾ ಎಲ್ಲಾದ್ರೂ?" ಆಮೇಲೆ ಷರಾ ಸಾಹೇಬರಿಗೆ ತಾವೇ ಕುರ್ಚಿ ಎಳೆದುಕೊಟ್ಟರು. "ಸಾರ್, ಹೊಗಳೋಕೆ ಹೇಳ್ತಿಲ್ಲ. ಇದನ್ನ ಮುರಿಯೋಕೆ ನಮ್ಮ ಕಾನೂನು ವಿಭಾಗದಿಂದಲೂ ಆಗಲ್ಲ."

ಆ ಗಳಿಗೆಯಲ್ಲಿ ಷರಾ ಸಾಹೇಬರಿಗೆ ಹೆಮ್ಮೆಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಒಂದು ನಿಮಿಷ ಎಲ್ಲ ಮರೆತು, ಹತ್ತನೆಯ ಕಲಮಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ತಿದ್ದಿಕೊಟ್ಟರು.

"ಹಾಗಾದ್ರೆ ಈಗ ಏನು ಗತಿ?"

"ಉಳಿದವರದ್ದು ಸರಿ ಇದೆ, ಅವರವರ ಚೀಟಿ ಮೇಲೆ ಅವರವರೇ ಒತ್ತಿದಾರೆ. ಹೋಗಬಹುದು. ನಿಮ್ಮ ಚೀಟಿ ಮೇಲೆ ಮಾತ್ರ ಅನುಮಾನ ಬಂದಿದೆ. ವಿಚಾರಣೆ ಮುಗಿಯೋವರೆಗೆ ಅದು ಎಲ್ಲೂ ನಡೆಯಲ್ಲ. ರೈಲು ನಿಲ್ದಾಣದ ಗೇಟೂ ತೆರೆಯಲ್ಲ."

"ಎಷ್ಟು ದಿನ?"

"ಮೂರು ಕೆಲಸದ ದಿನ. ಭಾನುವಾರ ಲೆಕ್ಕಕ್ಕಿಲ್ಲ." ಅಧಿಕಾರಿ ದನಿ ತಗ್ಗಿಸಿದರು. "ಒಂದು ನಕಲು ನಾನು ಇಟ್ಕೋಬಹುದಾ ಸಾರ್?"

ಅಂದರೆ ಎಲ್ಲರೂ ಹೋಗುತ್ತಾರೆ, ತಾವು ಹೋಗುವಂತಿಲ್ಲ. ಷರಾ ಸಾಹೇಬರು ಈ ಮಾತನ್ನು ದಾರಿಯುದ್ದಕ್ಕೂ ತಿರುಗಿಸಿ ಮುರುಗಿಸಿ ನೋಡಿದರು. ಸಂತೋಷಪಡಬೇಕಾದ ಸಂಗತಿ ಎಂದು ಹೊಳೆಯಲು ಬಸ್ಸಿನಲ್ಲಿ ನಾಲ್ಕು ಸ್ಟಾಪು ಬೇಕಾಯಿತು. ಐದನೆಯ ಸ್ಟಾಪಿನಲ್ಲಿ ಹೆಂಡತಿಯ ಮುಖ ನೆನಪಾಯಿತು, ಸಂತೋಷ ಇಳಿದುಹೋಯಿತು. ಸೋಮವಾರ ಸಂಜೆಯಿಂದ ಅವಳು ಅವರ ಜೊತೆ, ಊಟಕ್ಕೆ ಬನ್ನಿ ಎಂಬುದಕ್ಕಿಂತ ಹೆಚ್ಚು ಒಂದು ಮಾತೂ ಆಡಿರಲಿಲ್ಲ. ಏನಾದರೂ ಹೇಳಬೇಕೆಂದು ಗುರುವಾರ ಎರಡು ಸಲ ಅಡುಗೆಮನೆಗೆ ಹೋದರು. ಒಂದು ಸಲ ಅತ್ತೆಯವರು, ಇನ್ನೊಂದು ಸಲ ಭೂಪಟದ ಸಮೇತ ಮೇಷ್ಟ್ರು ಹಿಂದೆಯೇ ಬಂದರು.

ಶುಕ್ರವಾರ ಬೆಳಗ್ಗೆ ನಿಲ್ದಾಣದಲ್ಲಿ ಹದಿನೇಳು ಜನ, ಮೂವತ್ತೊಂದು ಗಂಟು ಪೆಟ್ಟಿಗೆ. ಒಬ್ಬೊಬ್ಬರೇ ಫೋನು ತೋರಿಸಿದರು, ಗೇಟು ತೆರೆಯಿತು. ಮೊದಲೇ ಹೇಳುವ ಎದೆಗಾರಿಕೆಯಿಲ್ಲದೆ ಷರಾ ಸಾಹೇಬರೂ ತೋರಿಸಿದರು, ಕೆಂಪು ದೀಪ ಹತ್ತಿ ಪೀಂ ಎಂದಿತು. ಹೋಗುವ ಬಯಕೆ ಇಲ್ಲದಿದ್ದರೂ ಅಷ್ಟು ಜನರೆದುರು ಪೀಂ ಎನ್ನಿಸಿಕೊಳ್ಳುವುದು ಯಾರಿಗೂ ಹಿತವಲ್ಲ.

"ನಂದು ವಿಚಾರಣೇಲಿದೆ. ನೀವೆಲ್ಲ ಹೋಗಿಬನ್ನಿ" ಎಂದರು ಕಂಬಿಯ ಈಚೆಯಿಂದ.

ಭಾವಮೈದುನ ಒಂದು ಪೆಟ್ಟಿಗೆಯ ಮೇಲೆ ಹತ್ತಿಬಿಟ್ಟ. "ನೋಡಿ! ಎಲ್ಲರೂ ನೋಡಿ! ಬೇರೆಯವರ ಸಂತೋಷಕ್ಕೋಸ್ಕರ ತನ್ನ ಪ್ರಯಾಣಾನೇ ಬಿಟ್ಟ ಮನುಷ್ಯ! ಇದಕ್ಕೆ ಏನಂತಾರೆ? ತ್ಯಾಗ ಅಂತಾರೆ!" ಗುರುತು ಪರಿಚಯವಿಲ್ಲದ ಪ್ರಯಾಣಿಕರೂ ಚಪ್ಪಾಳೆ ತಟ್ಟಿದರು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆಯಂದಿರಿದ್ದಾರೆ, ಮಕ್ಕಳಿದ್ದಾರೆ, ಯಾರಿಗೂ ಈ ಬುದ್ಧಿ ಬರಲಿಲ್ಲ ಎಂದರು. ಮೇಡಂ ಮಾತ್ರ ಲೋಕಾನುಭವವುಳ್ಳವರು. ಕಂಬಿಯ ಸಂದಿಯಿಂದ ಕಡತದ ಕಟ್ಟನ್ನು ಈಚೆಗೆ ತೂರಿಸಿದರು.

"ಹೇಗೂ ಮನೇಲೇ ಇರ್ತೀರಲ್ಲ ಷರಾ. ಸೊಂಟ ನೋಯಿಸ್ಕೋಬೇಡಿ, ನಿಧಾನವಾಗಿ ಮಾಡಿ."

ಹೆಂಡತಿ ಎಲ್ಲರಿಗಿಂತ ಹಿಂದೆ ಇದ್ದಳು. ಭುಜಕ್ಕೆ ಒಂದೇ ಸಣ್ಣ ಚೀಲ. ಗೇಟು ದಾಟಿ ಹೋಗುವಾಗ ತಿರುಗಿ ನೋಡಲಿಲ್ಲ. ಕರೆಯಬೇಕೆಂದು ಬಾಯಿ ತೆರೆದರು, ಅಷ್ಟರಲ್ಲಿ ಮೇಷ್ಟ್ರು ಎಂಜಿನ್ ಯಾವ ದಿಕ್ಕಿಗಿದೆ ಎಂದು ವಿವರಿಸುತ್ತ ಅಡ್ಡ ಬಂದರು. ರೈಲು ಹೊರಟುಹೋಯಿತು.

ಮನೆಗೆ ಬಂದು ಕಡತದ ಕಟ್ಟನ್ನು ಮೂಲೆಗೆ ಹಾಕಿ, ಷರಾ ಸಾಹೇಬರು ಹಜಾರದ ನಡುವೆ ನಿಂತು ಕಿವಿಗೊಟ್ಟರು. ಟೀವಿ ಇಲ್ಲ. ಮಂಚ ಎಳೆಯುವ ಸದ್ದಿಲ್ಲ. ಪ್ರಪಂಚ ಯಾರಿಗೋಸ್ಕರವೂ ಕಾಯುತ್ತಿಲ್ಲ. ಕಿಟಕಿ ಮುಚ್ಚಿ, ಎರಡು ದಿಂಬು ಹಾಕಿಕೊಂಡು, ಪಂಚೆಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದರು.

ನಿದ್ದೆ ಬರಲಿಲ್ಲ. ಬಲಕ್ಕೆ ಹೊರಳಿದರೆ ಒಂಬತ್ತನೆಯ ಕಲಮು, ಎಡಕ್ಕೆ ಹೊರಳಿದರೆ ಒಂಬತ್ತನೆಯ ಕಲಮು. ಅದನ್ನು ಓದಿಕೊಂಡು, ಒಂದು ಮಾತೂ ಆಡದೆ, ಅವಳು ಉಳಿದ ಹದಿನೈದು ಜನರ ಜೊತೆ ಮೂರು ದಿನ ಇರಬೇಕು. ಅಲ್ಲಿಯೂ ಅತ್ತೆಯವರಿಗೆ ಶಾಲು ಹುಡುಕಿಕೊಡುವವಳು ಅವಳೇ, ಭಾಷಣ ಕೇಳುವವಳೂ ಅವಳೇ. ಮನೆಯವರು ಎಂದು ಬರೆಯುವಾಗ ತಾವು ಅವಳನ್ನೂ ಅದರೊಳಗೆ ಸೇರಿಸಿಬಿಟ್ಟಿದ್ದರು. ಕರಡಿನಲ್ಲಿ ಸಂದಿ ಇರಬಾರದೆಂಬ ಚಟಕ್ಕೆ ಹೆಂಡತಿಯನ್ನು ಹೊರತುಪಡಿಸಿ ಎಂದು ಬರೆಯುವ ಬುದ್ಧಿಯೂ ಬಂದಿರಲಿಲ್ಲ. ಅವರಿಗೆ ನಿಜವಾಗಿಯೂ ದುಃಖವಾಯಿತು.

ಹನ್ನೆರಡೂವರೆಗೆ ಬಾಗಿಲ ಬೀಗದಲ್ಲಿ ಕೀಲಿಕೈ ತಿರುಗಿತು. ಎದ್ದು ಕೂತರು. ಹೆಂಡತಿ ಒಳಗೆ ಬಂದು ಚೀಲವನ್ನು ಕುರ್ಚಿಯ ಮೇಲಿಟ್ಟಳು.

"ಯಾಕೆ? ಏನಾಯ್ತು?"

"ಏನಿಲ್ಲ. ಮೊದಲನೇ ಸ್ಟೇಷನ್ನಲ್ಲಿ ಇಳಿದು ವಾಪಸ್ ಬಂದೆ. ನೀರು ತರ್ತೀನಿ ಅಂತ ಹೇಳಿ ಇಳಿದೆ. ಫೋನೂ ಆಫ್ ಮಾಡಿದೆ."

"ನೋಡು, ಆ ಕಲಮಿನ ವಿಷಯ... ಅದರ ಉದ್ದೇಶ ನಿನ್ನನ್ನ ಕುರಿತು ಅಲ್ಲವೇ ಅಲ್ಲ. ಸದರಿ ಪದದ ವ್ಯಾಪ್ತಿ..."

"ಸಾಕು ರೀ." ಅವಳು ಕುರ್ಚಿಯ ತುದಿಯಲ್ಲಿ ಕೂತು ಕಾಲು ಚಾಚಿದಳು. ಅವಳ ಕಣ್ಣ ಕೆಳಗಿನ ಕಪ್ಪು ಷರಾ ಸಾಹೇಬರಿಗೆ ಅವತ್ತೇ ಮೊದಲ ಸಲ ಕಾಣಿಸಿತು. "ನಂಗೆ ಸಿಟ್ಟು ಬಂದಿದ್ದು ನೀವು ಬರೆದ್ರಿ ಅಂತಲ್ಲ. ನೀವು ಬೆಳಗ್ಗೆ ಹೋದ್ರೆ ಸಂಜೆ ಬರ್ತೀರಿ. ಇಲ್ಲಿ ಇಡೀ ದಿನ ಕೇಳೋಳು ನಾನು. ಅದನ್ನ ಮೊದಲು ಬರೀಬೇಕಾಗಿದ್ದು ನಾನು ಅಲ್ವೇನ್ರೀ? ಅದಕ್ಕೆ ಸಿಟ್ಟು ಬಂತು."

ಷರಾ ಸಾಹೇಬರು ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟರು. ಅವಳು ಕುಡಿದಳು.

"ಒಳಕೋಣೆ ನಂಗೆ. ಇಲ್ಲಿ ನೀವು ಮಲಗಿ. ಹಸಿವಾದವರು ಏನಾದ್ರೂ ಮಾಡ್ಕೊಂಡು ತಿನ್ನೋದು. ಭಾನುವಾರ ಸಂಜೆವರೆಗೆ ನಂಗೆ ಯಾರೂ ಏನೂ ಕೇಳಬಾರದು. ನೀವೂ ಕೇಳಬಾರದು."

ಅವರು ಅವಳಿಗೆ ಒಂದು ದಿಂಬು ಎತ್ತಿಕೊಟ್ಟರು. ಅವಳು ಅದನ್ನು ತೆಗೆದುಕೊಂಡು ಎರಡು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಮೇಜಿನ ಮೇಲೆ ಷರಾ ಸಾಹೇಬರ ಫೋನು ಹೊಡೆದುಕೊಂಡಿತು. ಅತ್ತೆಯವರು. ನಿಂತಿತು. ಭಾವಮೈದುನ. ನಿಂತಿತು. ಮೇಷ್ಟ್ರು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಷರಾ ಸಾಹೇಬರು ಅಭ್ಯಾಸಬಲದಿಂದ ಕೈ ಚಾಚಿದರು, ಹೆಂಡತಿ ಬೇಡ ಎಂದು ತಲೆಯಾಡಿಸಿದಳು. ಅವರು ಫೋನನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿದರು. ತಿರುಗಿ ಬರುವಷ್ಟರಲ್ಲಿ ಒಳಕೋಣೆಯ ಬಾಗಿಲು ಮುಚ್ಚಿತ್ತು, ಅದರ ಆಚೆಯಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಗೊರಕೆ ಹೊಡೆಯುತ್ತಾಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಯಾವತ್ತೂ ಅವರೇ ಮೊದಲು ಮಲಗುತ್ತಿದ್ದರು. ಆ ಸದ್ದು ಕೇಳುತ್ತ ಕೇಳುತ್ತ ಅವರಿಗೂ ನಿದ್ದೆ ಬಂತು.